ತೋಟಪ್ಪನ ಪವರ್ ಬ್ರೇಕು

ಗಜೇಂದ್ರಗಡದಲ್ಲಿ ತೋಟಪ್ಪನಿಗೆ ಜಿಪುಣನೆಂಬ ಹೆಸರು ಅಂಟಿಕೊಂಡಿತ್ತು. ಆ ಹೆಸರಿನ ದೆಸೆಯಿಂದಲೇ ಮಗಳಿಗೆ ಬಂದಿದ್ದ ರೋಣದ ಸಂಬಂಧ ಮುರಿದುಬಿದ್ದಿತ್ತು. ಈಗ ನರಗುಂದದಿಂದ ಪ್ರಭುಲಿಂಗಪ್ಪನವರು ಹೆಣ್ಣು ನೋಡಲು ಬರುವವರಿದ್ದರು. ಹತ್ತಿ ವ್ಯಾಪಾರ, ಎರಡು ಲಾರಿ, ಒಬ್ಬನೇ ಮಗ. ಈ ಸಲವಾದರೂ ತನ್ನ ಕೈ ಧಾರಾಳವೆಂದು ತೋರಿಸಲೇಬೇಕೆಂದು ತೋಟಪ್ಪ ತನ್ನ ಮೋಟಾರಿಗೆ ಹೊಸ ಬ್ರೇಕು ಹಾಕಿಸಿದ.

ಮೋಟಾರು ಯುದ್ಧಕ್ಕೂ ಮುಂಚಿನದು. ಅದನ್ನು ನಿಲ್ಲಿಸಲು ತೋಟಪ್ಪ ಸೀಟಿನಿಂದೆದ್ದು ಎರಡೂ ಕಾಲಿನಿಂದ ತುಳಿಯಬೇಕಿತ್ತು. ಅದರ ಸದ್ದು ಕೇಳಿದರೆ ಓಣಿಯವರು ಗಾಲಿಗೆ ಕೊಡಲು ಕಲ್ಲು ಹಿಡಿದು ಹೊರಗೆ ಬರುತ್ತಿದ್ದರು. ಹೊಸ ಬ್ರೇಕೆಂದರೂ ಅದು ತೋಟಪ್ಪನಿಗಷ್ಟೇ ಹೊಸದು. ಮೇಸ್ತ್ರಿ ಯಮನೂರಸಾಬ ಯಾವುದೋ ಮುರುಕು ಲಾರಿಯಿಂದ ಬಿಚ್ಚಿ ತಂದ ಅಗಲ ಡಬ್ಬಿಯನ್ನು ಕೂಡಿಸಿ, ಇಂಜಿನ್ನಿನಿಂದ ಅದಕ್ಕೊಂದು ರಬ್ಬರಿನ ಕೊಳವೆ ಎಳೆದ.

"ಇಂಜಿನ್ ಗಾಳಿ ಎಳೀತದ, ಆ ಜೋರಿಗೆ ಬ್ರೇಕ್ ಹಿಡೀತದರಿ. ಇಂಜಿನ್ ನಡದಿರಬೇಕು, ಅಷ್ಟ," ಎಂದ.

ತೋಟಪ್ಪ ಹೂಂಗುಟ್ಟಿದ. ಮುಂಜಾನೆ ಸಪಾಟು ರಸ್ತೆಯಲ್ಲಿ ಪರೀಕ್ಷೆ ನಡೆಯಿತು. ಹೆಬ್ಬೆರಳು ತಾಗಿಸಿದ್ದೇ ತಡ, ಮೋಟಾರು ಗಕ್ಕನೆ ನಿಂತು, ಪಕ್ಕದಲ್ಲಿ ಕೂತ ನೆರೆಮನೆಯ ಕಳಕಪ್ಪನ ಮೂಗು ಗಾಜಿಗೆ ಬಡಿಯಿತು. ಅವನು ಮೂಗು ಹಿಡಿದುಕೊಂಡೇ ಊರೆಲ್ಲ ಸಾರಿಬಂದ: ಮಧ್ಯಾಹ್ನ ಬೀಗರನ್ನು ಕೂರಿಸಿಕೊಂಡು ತೋಟಪ್ಪ ಗುಡ್ಡದ ಇಳಿಜಾರು ಇಳಿಯುತ್ತಾನೆ, ಸುಣ್ಣದ ಗೆರೆಯ ಮೇಲೆ ಸರಿಯಾಗಿ ನಿಲ್ಲಿಸುತ್ತಾನೆ. ತೋಟಪ್ಪನನ್ನು ಯಾರೂ ಕೇಳಿರಲಿಲ್ಲ.

ಪ್ರಭುಲಿಂಗಪ್ಪನವರು ಎರಡು ಲಾರಿಯ ಧಣಿಯಾದರೂ ಬಸ್ಸಿನಲ್ಲೇ ಬಂದಿಳಿದರು. ಊಟವಾದ ಮೇಲೆ ತೋಟಪ್ಪ ಅವರನ್ನು ಗುಡ್ಡಕ್ಕೆ ಕರೆದೊಯ್ದ. ಕೆಳಗೆ ಅರ್ಧ ಊರು ನೆರೆದಿತ್ತು. ಗೆರೆಯ ಪಕ್ಕದಲ್ಲಿ ಹೆಂಡತಿ ಕಲ್ಲವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು.

ಇಳಿಜಾರು ಶುರುವಾಯಿತು. ಆಗ ತೋಟಪ್ಪನ ಕೈ, ಅವನನ್ನು ಒಂದು ಮಾತೂ ಕೇಳದೆ, ಇಷ್ಟು ವರ್ಷ ಮಾಡಿದ್ದನ್ನೇ ಮಾಡಿತು. ಚಾವಿ ತಿರುವಿ ಇಂಜಿನ್ ಬಂದ್ ಮಾಡಿತು. ತಾನಾಗಿ ಉರುಳುವ ಗಾಡಿಗೆ ಪೆಟ್ರೋಲು ಯಾಕೆ ಸುಡಬೇಕು?

ಮೊದಲ ಸಲ ತುಳಿದಾಗ ಬ್ರೇಕು ಹಿಡಿಯಿತು. ಎರಡನೆಯ ಸಲ ಅರೆಬರೆ ಹಿಡಿಯಿತು. ಆಮೇಲೆ ಒಳಕಲ್ಲು ತುಳಿದಂತಾಯಿತು. ತೋಟಪ್ಪ ಎದ್ದು ನಿಂತು ಎರಡೂ ಕಾಲು ಕೊಟ್ಟ, ಕಲ್ಲು ಕೊಡ್ರೋ ಎಂದು ಕೂಗಿದ. ಹೊಸ ಬ್ರೇಕನ್ನು ನಂಬಿ ಅಂದು ಯಾರೂ ಕಲ್ಲು ತಂದಿರಲಿಲ್ಲ. ಕಲ್ಲವ್ವ ತಟ್ಟೆ ಒಗೆದು ಗಟಾರಕ್ಕೆ ಹಾರಿದಳು. ಮೋಟಾರು ಸುಣ್ಣದ ಗೆರೆ ದಾಟಿ ಕಳಕಪ್ಪನ ಮೇವಿನ ಬಣವಿಯೊಳಗೆ ಹೊಕ್ಕಿತು.

ಹೊರಗೆ ಬಂದ ತೋಟಪ್ಪನಿಗೆ ಚಾವಿಯ ನೆನಪಾಗಿ ಮೈ ಹಿಡಿಯಾಯಿತು. ಖರೇ ಹೇಳಿದರೆ ಬೀಗರ ಎದುರಿಗೇ ಜಿಪುಣನಾಗುತ್ತಾನೆ, ಈ ಸಂಬಂಧವೂ ಹೋಗುತ್ತದೆ.

"ಬ್ರೇಕ್ ಖೊಟ್ಟಿ ಅದರಿ. ಯಮನೂರಸಾಬ ನನಗ ಮೋಸ ಮಾಡ್ಯಾನ," ಎಂದುಬಿಟ್ಟ.

ಬಣವಿಗೆ ಗುದ್ದಿಯೇ ಇಂಜಿನ್ ನಿಂತಿತೆಂದು ಎಲ್ಲರೂ ತಿಳಿದಿದ್ದರು. ಮಂದಿಯ ನಡುವೆಯೇ ನಿಂತಿದ್ದ ಯಮನೂರಸಾಬನಿಗೆ ಸಿಟ್ಟು ನೆತ್ತಿಗೇರಿತು. ಪಾನಾ ತಂದು ಅಲ್ಲೇ ಡಬ್ಬಿ ಬಿಚ್ಚಿ, ಹಳೆಯ ಬ್ರೇಕನ್ನೇ ಮೊದಲಿನಂತೆ ಜೋಡಿಸಿದ. ಮಂದಿ ಅವನಿಗೆ ಬಾಯಿಗೆ ಬಂದಂತೆ ಅನ್ನುತ್ತಿದ್ದರು. ತೋಟಪ್ಪ ನಾಚಿಕೆಯಿಂದ ನೆಲ ನೋಡುತ್ತ ನಿಂತ. ಪ್ರಭುಲಿಂಗಪ್ಪನವರು ಮೀಸೆಯಿಂದ ಮೇವಿನ ಎಸಳು ತೆಗೆಯುತ್ತ, ಆ ಖೊಟ್ಟಿ ಸಾಮಾನು ನಮಗಿರಲಿ, ಲಾರಿಗೆ ಹಾಕಿ ನೋಡುತ್ತೇವೆ ಎಂದರು. ರೊಕ್ಕ ಕೇಳಿದರೆ ಜಿಪುಣತನವಾದೀತೆಂದು ತೋಟಪ್ಪ ನಗುನಗುತ್ತ ಕೊಟ್ಟ.

ಸಂಜೆ ಬಸ್ಸು ಹತ್ತುವ ಮುನ್ನ ಬೀಗರು ಅವನ ಕಿವಿಗೆ ಬಾಗಿದರು.

"ಗುಡ್ಡದ ಮ್ಯಾಲ ನೀವು ಚಾವಿ ತಿರುವಿದ್ದು ನಾ ನೋಡೇನ್ರಿ. ಇಳಿಜಾರಿನ್ಯಾಗ ಪೆಟ್ರೋಲ್ ಸುಡದ ಮನೀ ಹೆಣ್ಣ ನನಗ ಬೇಕಾಗಿತ್ತು. ಸಂಬಂಧ ಕೂಡ್ತು. ಬ್ರೇಕ್ ಭಾಳ ಚಲೋ ಅದ. ನೀವು ಚಾವಿ ತಿರುವಿದ್ದನ್ನ ಮೇಸ್ತ್ರಿಗೂ ಹೇಳೀನಿ, ಪಾಪ, ಅವನ ಮನಸಿಗೆ ಹತ್ತಿತ್ತು."

ತೋಟಪ್ಪ ಬೆವರುತ್ತ ಮನೆಯ ಕಡೆ ಮೋಟಾರು ಬಿಟ್ಟ. ಓಣಿ ಬಂತು. ಸೀಟಿನಿಂದೆದ್ದು ಎರಡೂ ಕಾಲಿನಿಂದ ತುಳಿದ. ಸದ್ದು ಕೇಳಿ ಓಣಿಯವರು ಕಲ್ಲು ಹಿಡಿದು ಹೊರಗೆ ಬಂದು ನಿಂತಿದ್ದರು. ಎಲ್ಲಕ್ಕಿಂತ ದೊಡ್ಡ ಕಲ್ಲು ಯಮನೂರಸಾಬನ ಕೈಯಲ್ಲಿತ್ತು. ಅವನು ಗಾಲಿಯ ಕಡೆಗೆ ನೋಡುತ್ತಿರಲಿಲ್ಲ.