ಏಣಿ ಕೋರಿ ಸ್ಟೂಲ್ ಹತ್ತಿದ ಬಗ್ಗೆ

ಇಂದ:
ಗುಮಾಸ್ತೆ, ದಾಖಲೆ ಕೊಠಡಿ
(ವಯಸ್ಸು ಐವತ್ತೇಳು, ಬಲಗೈ ಸದ್ಯ ರಜೆಯಲ್ಲಿದೆ)

ಗೆ:
ವ್ಯವಸ್ಥಾಪಕರು,
ನೆಲಮಹಡಿ, ಮೆತ್ತನೆಯ ಕುರ್ಚಿ

ವಿಷಯ: ಹಿಡಿಕೆಯಿರುವ ಏಣಿ ಒಂದು, ಬಲ್ಬು ಒಂದು ಕೋರಿ, ಎರಡನೆಯ ಬಾರಿ.

ಉಲ್ಲೇಖ: ಮೂರು ವರ್ಷ ಹಿಂದಿನ ನನ್ನ ಅರ್ಜಿ ಹಾಗೂ ಅದರ ಮೇಲಿನ ತಮ್ಮ ಹಸಿರು ಶಾಯಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಮಧ್ಯಾಹ್ನದ ನಿದ್ದೆಗೆ ಭಂಗ ತರುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

1. ನನ್ನ ಮೂಳೆಗಳು ಟೊಳ್ಳಾಗಿವೆ ಎಂದು ಮೂಳೆ ಡಾಕ್ಟರು ಮೂರು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದಾರೆ. ಸುಲಭವಾಗಿ ಮುರಿಯಲು ಇರುವ ಕಾರಣಗಳನ್ನು ಬೆರಳು ಮಡಚಿ ಎಣಿಸಿದರು: ನಲವತ್ತೆರಡಕ್ಕೇ ಮುಟ್ಟು ನಿಂತದ್ದು, ಉಬ್ಬಸಕ್ಕೆಂದು ವರ್ಷಗಟ್ಟಲೆ ನುಂಗಿದ ಸ್ಟೆರಾಯ್ಡ್ ಮಾತ್ರೆ, ನಲವತ್ತು ಕಿಲೋ ದಾಟದ ತೂಕ, ಮಂದ ಕಣ್ಣು, ಅಮ್ಮನ ಸೊಂಟ ಮುರಿದಿದ್ದು. ಇವಕ್ಕೆ ಕಚೇರಿ ಹೊಣೆಯಲ್ಲ. ಒಪ್ಪಿದ್ದೇನೆ.

2. ಅಮ್ಮ ಬಚ್ಚಲಲ್ಲಿ ಜಾರಿ, ಹನ್ನೊಂದು ತಿಂಗಳು ಗೋಡೆ ನೋಡುತ್ತ ಮಲಗಿ, ಹಾಗೆಯೇ ಹೋದಳು. ಅವಳ ಮಗ್ಗುಲು ಬದಲಿಸುತ್ತಿದ್ದವಳು ನಾನು. ಆದ್ದರಿಂದ ನನಗೆ ಬೀಳುವುದೆಂದರೆ ಜೀವ ನಡುಗುವಷ್ಟು ಭಯ. ಇದನ್ನು ಕಚೇರಿ ಭಾಷೆಯಲ್ಲಿ ಬರೆಯಲು ನನಗೆ ಬರುವುದಿಲ್ಲ.

3. ದಾಖಲೆ ಕೊಠಡಿಯ ರ‍್ಯಾಕಿಗೆ ಎಂಟು ಹಲಗೆ. ಬಲ್ಬು ಕೆಟ್ಟು ಯಾವ ಕಾಲವಾಯಿತೋ. ಸ್ಟೂಲಿಗೆ ಮೂರೂವರೆ ಕಾಲು. ಉಳಿದರ್ಧದ ಕೆಳಗೆ ‘ಕೆಲಸದ ಸ್ಥಳದಲ್ಲಿ ಸುರಕ್ಷತೆ’ ಎಂಬ ಕೈಪಿಡಿ ಒತ್ತು ಕೊಟ್ಟಿದ್ದೆ. ಆ ಪುಸ್ತಕ ಈ ಕಚೇರಿಯಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟೇ.

4. ಕಾರಣ ಏಣಿ, ಬಲ್ಬು ಕೇಳಿದೆ. ಉತ್ತರ ಬರಲಿಲ್ಲ. ಕಳೆದ ತಿಂಗಳು ಖುದ್ದಾಗಿ ಬಂದು ನೆನಪಿಸಿದಾಗ ತಾವು ಕಣ್ಣು ಬಿಡದೆಯೇ, “ಹಳೇ ಅರ್ಜಿ ಇಲ್ದೆ ನಾನೇನ್ ಮಾಡ್ಲಮ್ಮ? ತಗೊಂಡ್ ಬನ್ನಿ, ನೋಡೋಣ” ಎಂದಿರಿ. ಮುಗಿದ ವಿಷಯಗಳ ಜಾಗ ಎಂಟನೆಯ ಹಲಗೆ. ನನ್ನ ಅರ್ಜಿಯನ್ನು ಅಲ್ಲಿಗೆ ಏರಿಸಿಟ್ಟ ಉದ್ದನೆಯ ಜವಾನ ನಿವೃತ್ತನಾಗಿ ವರ್ಷವಾಯಿತು. ಆದ್ದರಿಂದ ಏಣಿಯ ಅರ್ಜಿ ತರಲು ಸ್ಟೂಲ್ ಹತ್ತಿದೆ. ಕಡತ ಕೈಗೆ ಸಿಕ್ಕಿತು. ಇಳಿಯುವಾಗ ಸ್ಟೂಲ್ ಕಾಲಿಗೆ ಸಿಗಲಿಲ್ಲ.

5. ನೆಲದ ಮೇಲೆ ಬಿದ್ದಿದ್ದಾಗ ಕಡತ ಮುಖದ ಪಕ್ಕದಲ್ಲೇ ತೆರೆದುಕೊಂಡಿತ್ತು. ತಮ್ಮ ಟಿಪ್ಪಣಿ ಆಗಲೇ ನೋಡಿದ್ದು: “ಅರ್ಜಿದಾರರು ಇದುವರೆಗೆ ಬಿದ್ದಿರುವುದಿಲ್ಲ. ಆದ್ದರಿಂದ ಏಣಿಯ ಅಗತ್ಯ ಕಂಡುಬರುವುದಿಲ್ಲ.” ಮಣಿಕಟ್ಟು ಮುರಿದದ್ದಕ್ಕಿಂತ ಇದನ್ನು ಓದಿದ್ದೇ ಹೆಚ್ಚು ನೋಯಿತು.

6. ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಅದೇ ಕಡತವನ್ನು ತಮ್ಮ ಮೇಜಿನ ಮೇಲಿಟ್ಟೆ. ತಾವು ಅದರ ಕೆಳಗೆ ಬರೆದಿರಿ: “ಈಗಾಗಲೇ ಮುರಿದಿರುವುದರಿಂದ ಮುನ್ನೆಚ್ಚರಿಕೆಯ ಪ್ರಶ್ನೆ ಉದ್ಭವಿಸುವುದಿಲ್ಲ.” ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕಂಡು ಜನ ನಗುತ್ತಾರೆ. ಅವರು ಬಾಗಿಲನ್ನಾದರೂ ಹಾಕಿದರು.

7. ಡಾಕ್ಟರು ಹೇಳುವುದು ಬೇರೆ: “ಒಂದ್ಸಲ ಮುರಿದವರಿಗೇ ಮತ್ತೆ ಮುರಿಯೋದು ಜಾಸ್ತಿ. ಮುಂದಿನ ಸಲ ಸೊಂಟಾನೇ ಆಗ್ಬಹುದು.” ಆದ್ದರಿಂದ ಅಪಾಯದ ಪಟ್ಟಿಗೆ ಎರಡು ಹೊಸದಾಗಿ ಸೇರಿವೆ. ಒಂದು, ಹಳೆಯ ಮುರಿತ. ಇನ್ನೊಂದು, ತಾವು.

ಆದಕಾರಣ ಏಣಿ, ಬಲ್ಬು ಎರಡನ್ನೂ ಮಂಜೂರು ಮಾಡಬೇಕಾಗಿ ಕೋರಿಕೆ.

ಇಷ್ಟಾದರೂ ‘ತಮ್ಮ ವಿಶ್ವಾಸಿ’ ಎಂದೇ ಬರೆಯಬೇಕಾದ,
(ಎಡಗೈ ಸಹಿ)

ಲಗತ್ತುಗಳು:
ಅ) ಮಣಿಕಟ್ಟಿನ ಎಕ್ಸ್-ರೇ
ಆ) ಸ್ಟೂಲಿನ ಕಾಲು, ಅರ್ಧ
ಇ) ಸುರಕ್ಷತೆಯ ಕೈಪಿಡಿ, ಸ್ಟೂಲಿಗೆ ಇನ್ನು ಬೇಕಾಗಿಲ್ಲವಾದ್ದರಿಂದ

ವಿ.ಸೂ.: ಈ ಅರ್ಜಿಯನ್ನು ತಿರಸ್ಕರಿಸಿದ ಮೇಲೆ ದಯಮಾಡಿ ತೀರಾ ಕೆಳಗಿನ ಹಲಗೆಯಲ್ಲಿ ಇಡಿಸಬೇಕು. ಮುಂದಿನ ಸಲ ತಾವು ಹಳೇ ಅರ್ಜಿ ಕೇಳಿದಾಗ, ಬಿದ್ದಲ್ಲಿಂದಲೇ ಕೈ ಚಾಚಿ ತೆಗೆದುಕೊಡುತ್ತೇನೆ.