ಮೂರು ಮಂದಿ ಅಡಿಗಿ

ನನ್ನ ಹಣಿಬರಾನ ಹಿಂಗ ಐತಿ ನೋಡ್ರಿ. ಆರಾಮ ಸಿಗ್ತೈತಿ ಅಂತ ಎಲ್ಲಿ ಹೋದ್ರೂ ಅಲ್ಲೊಂದು ಫಜೀತಿ ನನಗಿಂತ ಮೊದಲ ಹೋಗಿ ಕುಂತಿರ್ತೈತಿ.

ಅಥಣಿ, ಚಿಕ್ಕೋಡಿ, ಕಾಗವಾಡ, ಎಲ್ಲಿ ಮದುವಿ ಇದ್ರೂ ನಾನ ಆಚಾರಿ. ಅಡಿಗಿ ಮಾಡೋವಗ ನಮ್ಮ ಕಡೆ ಆಚಾರಿ ಅಂತಾರ. ಕೊಪ್ಪರಿಗಿ ಮುಂದ ನಿಂತು ನಿಂತು ಮಣಕಾಲು ಕೆಟ್ಟು ಹೋದ್ವು. ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ರಾಯಬಾಗ ಕಡೆ ಒಂದು ಸಕ್ಕರಿ ಕಾರ್ಖಾನಿಗೆ ಮಶೀನು ಕೂಡ್ಸಾಕ ಫಿಲಿಪೈನ್ಸ್ ದೇಶದ ಸಾಹೇಬ್ರೊಬ್ಬರು ಹೆಂಡ್ತಿ, ಸಣ್ಣ ಮಗಳ ಜೋಡಿ ಬಂದು ಕಾಲೋನಿ ಬಂಗ್ಲೆದಾಗ ಇಳದಿದ್ರು. "ಮೂರು ಮಂದಿ ಅಡಿಗಿ, ಕುಂತ ಮಾಡಬಹುದು, ಹೋಗ್ರಿ," ಅಂತ ನನ್ನ ಹೆಂಡ್ತಿ ದಬ್ಬಿ ಕಳಸಿದಳು.

ಸಾಹೇಬ್ರಿಗೆ ಹರಕು ಮುರಕು ಹಿಂದಿ ಬರ್ತಿತ್ತು. ಮೊದಲನೇ ದಿನಾನ ಹೇಳಿದ್ರು: "ಆಚಾರಿ, ನಾ ಇಲ್ಲಿ ಎರಡು ವರ್ಷ ಇರಬೇಕು. ನನ್ನ ಹೆಂಡ್ತಿಗೆ ಇಲ್ಲಿ ಊಟ ಸೇರವಲ್ದು, ಸೊರಗಾಕತ್ತಾಳ. ನಮ್ಮ ಮನಿ ಅಡಿಗಿ ಕಲ್ತು ಇಕಿಗೆ ಹೊಟ್ಟಿ ತುಂಬ ಉಣ್ಸು. ಇಲ್ಲಾಂದ್ರ ತಾಯಿ-ಮಗಳು ಊರಿಗೆ ಹೋಗ್ತಾರ, ನಾ ಒಬ್ಬನ ಉಳೀತೀನಿ."

ಅವರು ಹೋದ್ರ ನಾನೂ ಮದುವಿ ಮನಿಗೆ ವಾಪಸ್. ಅದಕ್ಕ ಜೀವ ಗಟ್ಟಿ ಹಿಡದು ನಿಂತೆ.

ಖಾರ

ಸಾಹೇಬ್ರ ಹೆಂಡ್ತಿಗೆ ನಾವೆಲ್ಲಾ ಬಾಯಿಯವರು ಅಂತಿದ್ವಿ. ಅವರು ಮೊದಲು ಕಲಿಸಿದ್ದು ಅಡೋಬೊ. ಕೋಳಿ, ಬಳ್ಳೊಳ್ಳಿ, ಮೆಣಸಿನ ಕಾಳು, ಶಿರ್ಕಾ ಅನ್ನೋ ಹುಳಿ ವಿನೆಗರ್, ಸೋಯಾ ಸಾಸ್ ಅನ್ನೋ ಒಂದು ಕರೀ ನೀರಿನ ಬಾಟ್ಲಿ. ಅಷ್ಟ. ಅರಿಷಿಣ ಇಲ್ಲ, ಖಾರಪುಡಿ ಇಲ್ಲ. ಶಿರ್ಕಾ ತರಾಕ ನಿಪ್ಪಾಣಿ ತನಕ ಬಸ್ಸಿನ್ಯಾಗ ನಿಂತು ಹೋಗಿ ಬಂದಿದ್ದೆ. ಅಷ್ಟು ತ್ರಾಸ ತಗೊಂಡು ಮಾಡಿದ ಕೋಳಿ ಸಪ್ಪಗ ಕುಂತದ್ದು ನನಗ ನೋಡಾಕ ಆಗಲಿಲ್ಲ. ಮಂದಿಗೆ ಖಾರ ಇಲ್ಲದ ಊಟ ಬಡಸಿದ್ರ ನಮ್ಮ ಮನಿತನದ ಮಾನ ಏನಾಗಬೇಕು? ಬಾಯಿಯವರು ಆ ಕಡೆ ತಿರಗೋದ ತಡ, ವರ್ಷಕ್ಕೊಮ್ಮೆ ಕುಟ್ಟಿಸಿಡೋ ಮಸಾಲಿ ಖಾರ ಒಂದು ಮುಷ್ಟಿ ಒಗದೆ. ನನ್ನ ಕೈಗೆ ಚಮಚ ಗೊತ್ತಿಲ್ಲ, ಮುಷ್ಟಿನ ಗೊತ್ತು.

ಬಾಯಿಯವರು ಒಂದು ತುತ್ತು ಬಾಯಾಗಿಟ್ಟು ಸೀದಾ ಬಚ್ಚಲಕ್ಕ ಹೋದ್ರು. ಸಾಹೇಬ್ರು ಮೂಗು ಒರಸ್ಕೋತ, ಕಣ್ಣು ಒರಸ್ಕೋತ ಪೂರಾ ಉಂಡ್ರು. ಆಮ್ಯಾಲ ನನ್ನ ಹತ್ರ ಬಂದು ಸಣ್ಣ ದನಿಲೆ, "ನನಗ ದಿನಾ ಹಿಂಗ ಮಾಡು. ಆದ್ರ ಇಕಿಗೆ ಹೇಳಬ್ಯಾಡ," ಅಂದ್ರು.

ಅಂದಿನಿಂದ ಮೂರು ಮಂದಿಗೆ ಎರಡು ಅಡಿಗಿ ಶುರು ಆತು.

ಹುಣಸಿಹಣ್ಣು

ಬಾಯಿಯವರ ಜೀವ ಇದ್ದದ್ದು ಸಿನಿಗಾಂಗ್ ಅನ್ನೋ ಸಾರಿನ್ಯಾಗ. ಹುಣಸಿ ಹುಳಿ, ತಪ್ಪಲ, ಕಾಯಿಪಲ್ಯ, ಉಪ್ಪು. ಅದು ಅವರ ಅವ್ವ ಮಾಡಿದಂಗ ಆಗಬೇಕು. ನಾ ದಿನಾ ಮಾಡ್ತಿದ್ದೆ, ಅವರು ದಿನಾ ಒಂದು ಗುಟುಕು ಕುಡದು, "ಇದಲ್ಲ," ಅಂತ ತಲಿ ಅಲ್ಲಾಡಿಸಿ ತಾಟು ಸರಸ್ತಿದ್ರು. ಮನ್ಯಾಗಿನ ಹುಣಸಿಹಣ್ಣು ತೀರಿದ್ವು. ಕಾಲೋನ್ಯಾಗ ಮನಿ ಮನಿಗೆ ಹೋಗಿ, "ಬಾಯಿಯವ್ರಿಗೆ ಹುಳಿ ಬೇಕಾಗೇತ್ರಿ, ಒಂದೀಟು ಹುಣಸಿಹಣ್ಣು ಕೊಡ್ರಿ," ಅಂತ ಬೇಡಿದೆ.

ಇದನ್ನ ಕೇಳಿ ಕಾಲೋನಿ ಹೆಣ್ಣಮಕ್ಕಳು ಸುಮ್ಮನ ಇರ್ತಾರೇನ್ರಿ? ಊಟ ಸೇರವಲ್ದು, ದಿನಾ ಹುಳಿ ಬೇಡ್ತಾಳ. ಮರುದಿನ ಮಧ್ಯಾಹ್ನ ಹಸಿರು ಬಳಿ, ಕುಬಸ, ಕೊಬ್ಬರಿ ತಗೊಂಡು ಬಂದು ಬಾಯಿಯವರನ್ನ ಮಣಿ ಮ್ಯಾಲ ಕುಂಡ್ರಿಸಿ ಉಡಿ ತುಂಬಿ, ಬಸರಿ ಬಯಕಿ ಹಾಡು ಹಾಡಿ ಹೋದ್ರು. ಬಾಯಿಯವರು ಇದ್ಯಾವದೋ ಹಬ್ಬ ಅಂತ ತಿಳದು ನಕ್ಕೋತ ಕುಂತಿದ್ರು.

ಕಾರ್ಖಾನ್ಯಾಗೂ ಸುದ್ದಿ ಮುಟ್ಟಿತ್ತು. ಮಂದಿ ಸಾಹೇಬ್ರ ಬಾಯಾಗ ಪೇಡೆ ತುರುಕಿ ಕೈ ಕುಲಕಿದ್ರಂತ. ಸಾಹೇಬ್ರು ಪಾಪ, ಹೊಸಾ ಬಾಯ್ಲರ್ ಚಾಲೂ ಆದದ್ದಕ್ಕ ಅಂತ ತಿಳದು, "ಇದರಾಗ ನಂದೇನೂ ಇಲ್ರಿ, ನೀವೆಲ್ಲಾ ಕೂಡಿ ಮಾಡಿದ್ದು," ಅಂದ್ರಂತ.

ಶಾವಿಗಿ

ಮಗಳ ಹುಟ್ಟಿದ ದಿನ ಬಂತು. ಬಾಯಿಯವರು ಊರಿಂದ ತಂದು ಪೆಟಿಗ್ಯಾಗ ಜ್ವಾಕಿ ಮಾಡಿಟ್ಟಿದ್ದ ಒಂದ ಒಂದು ಪಾಕೀಟು ನನ್ನ ಕೈಯಾಗ ಕೊಟ್ಟು, "ಪನ್ಸಿತ್," ಅಂದು ಪ್ಯಾಟಿಗೆ ಹೋದ್ರು. ಬಿಚ್ಚಿ ನೋಡಿದೆ. ಬೆಳ್ಳಗ, ಉದ್ದಕ, ನಮ್ಮ ಶಾವಿಗಿನ. ಇದನ್ನ ಯಾರರ ನನಗ ಹೇಳಿಕೊಡಬೇಕೇನು ಅಂತ ಸಣ್ಣಗ ಮುರದು, ತುಪ್ಪದಾಗ ಹುರದು, ಹಾಲು ಬೆಲ್ಲ ಹಾಕಿ ಪಾಯಸ ಮಾಡಿಟ್ಟೆ.

ಬಾಯಿಯವರು ಬಂದು ಮುಚ್ಚಳ ತಗದು ಅಲ್ಲೇ ನೆಲಕ್ಕ ಕುಂತ್ರು. ಸಾಹೇಬ್ರು ತಿಳಿಸಿ ಹೇಳಿದ್ರು: ಅದಕ್ಕ ಕಾಯಿಪಲ್ಯ, ಕೋಳಿ ಹಾಕಬೇಕು. ಎಳಿ ಎಷ್ಟು ಉದ್ದ ಇರ್ತೈತಿ ಅಷ್ಟು ಕೂಸಿನ ಆಯುಷ್ಯ, ಅದನ್ನ ಮುರೀಬಾರದು.

ನಾ ಮುರದ ಎಳಿಗಳನ್ನ ಸೌಟಿನ್ಯಾಗ ಎತ್ತಿ ಎತ್ತಿ ನೋಡಿದೆ. ಅಷ್ಟರಾಗ ಮಗಳು ವಾಟಗಾ ತಗೊಂಡು ಬಂದಳು. ಕಾಲೋನಿ ಹುಡುಗರ ಜೋಡಿ ಆಡಿ ಆಡಿ ಅಕಿಗೆ ನಮ್ಮ ಮಾತು ಬಂದಿತ್ತು, ಮರ್ಯಾದಿ ಅಷ್ಟ ಬಂದಿರಲಿಲ್ಲ. ಪಾಯಸ ಸುರದು ಕುಡದು, "ಲೇ ಆಚಾರಿ, ಇನ್ನೀಟು ಹಾಕ್ಲೇ, ಪಾಡ ಆಗೇತಿ," ಅಂದಳು.

ಕೊಪ್ಪರಿಗಿ

ಕಡೀಕ ತಾಯಿ-ಮಗಳ ಟಿಕೇಟು ತಗಸೇಬಿಟ್ರು. ಸಾಹೇಬ್ರು ಖಾರದ ಕೋಳಿನೂ ಮುಟ್ಟಲಿಲ್ಲ. ನನಗೂ ಕೆಟ್ಟ ಅನಿಸ್ತು. ಮಣಕಾಲಿನ ಸಲುವಾಗಿ ಅಷ್ಟ ಅಲ್ರಿ, ಆ ಹೆಣ್ಣಮಗಳಿಗೆ ಒಂದು ಹೊತ್ತೂ ಹೊಟ್ಟಿ ತುಂಬ ಉಣ್ಸಲಿಲ್ಲಲ್ಲ ಅಂತ.

ಹೋಗೋಕಿಂತ ಮೊದಲು ಉಡಿ ತುಂಬಿದ ಕಾಲೋನಿಗೆಲ್ಲ ತನ್ನ ಊರಿನ ಸಾರು ಉಣ್ಸಬೇಕು ಅಂದ್ರು ಬಾಯಿಯವರು. ಬಂಗ್ಲೆದ ಹಿಂದ ಒಲಿ ಹೂಡಿ ಕೊಪ್ಪರಿಗಿ ಏರಿಸಿದೆ. ಜೈನರ ಮನಿಯವರೂ ಉಣ್ಣಬೇಕಲ್ಲ, ಉಳ್ಳಾಗಡ್ಡಿ, ಮೂಲಂಗಿ ಬಿಟ್ಟೆ. ಅವರು ರಾತ್ರಿ ಉಣ್ಣಂಗಿಲ್ಲ, ಹೊತ್ತು ಮುಳಗೋದರಾಗ ಪಂಕ್ತಿ ಏಳಬೇಕು ಅಂತ ಲಗೂನ ಹಚ್ಚಿದೆ. ಬಕೀಟಿನ್ಯಾಗ ಹುಣಸಿಹಣ್ಣು ಕಿವಚಿದೆ. ಬದನಿಕಾಯಿ, ಬೆಂಡಿಕಾಯಿ, ಟೊಮ್ಯಾಟೊ, ನುಗ್ಗಿ ತಪ್ಪಲ ಹಾಕಿದೆ. ಉಪ್ಪು ಮುಷ್ಟಿಲೆ ಒಗದೆ, ಲೆಕ್ಕ ಹಾಕಲಿಲ್ಲ.

ಬಾಯಿಯವರು ರುಚಿ ನೋಡಾಕ ಬಂದು ಒಂದು ಗುಟುಕು ಕುಡದ್ರು. ಇನ್ನೊಂದು ಗುಟುಕು ಕುಡದ್ರು. ಆಮ್ಯಾಲ ತಾವ ಒಂದು ಎಲಿ ತಗೊಂಡು, ಅನ್ನ ಹಾಕ್ಕೊಂಡು ಪಂಕ್ತ್ಯಾಗ ಕುಂತುಬಿಟ್ರು. ಬಡಿಸಿದೆ, ಉಂಡ್ರು. ಮತ್ತ ಬಡಿಸಿದೆ, ಎಲಿಗೆ ಕೈ ಅಡ್ಡ ಹಿಡೀಲಿಲ್ಲ. ಕಣ್ಣಾಗ ನೀರು, ಬಾಯಾಗ ತುತ್ತು. ಏನೋ ಅಂದ್ರು.

"ಏನಂತಾರ ನಿಮ್ಮವ್ವ?" ಅಂತ ಮಗಳನ್ನ ಕೇಳಿದೆ.

"ಅಜ್ಜಿ ಮಾಡಿದಂಗ ಆಗೇತಿ ಅಂತಾಳಲೇ."

"ನಿಮ್ಮ ಅಜ್ಜಿ ಎಲ್ಲಿ ಅಡಿಗಿ ಮಾಡ್ತಿದ್ಲವಾ?"

"ಕಬ್ಬು ಕಡಿಯೋ ಗ್ಯಾಂಗಿಗೆ. ಇಂಥಾದ ದೊಡ್ಡ ಪಾತೇಲ್ಯಾಗ. ಮನ್ಯಾಗೂ ಅದನ್ನ ಉಣ್ತಿದ್ರು."

ಇಷ್ಟು ದಿನ ಸಣ್ಣ ಬೋಗಾಣ್ಯಾಗ ನಾ ಹುಡಕಿದ್ದು ಸಿಗೋದಾದ್ರೂ ಹೆಂಗ್ರಿ? ಸಾಹೇಬ್ರು ಓಡಿ ಬಂದು ನನ್ನ ಕೈ ಹಿಡಕೊಂಡ್ರು. "ಇಕಿ ಹೋಗೂದಿಲ್ಲಂತ ಆಚಾರಿ, ಟಿಕೇಟು ರದ್ದು." ನನಗೂ ಅಳು ಬಂತು. ಮಣಕಾಲು ಗೆದ್ದಂಗಾತು.

"ಹಂಗಾರ ನಾಳಿಂದ ದಿನಾ ಕೊಪ್ಪರಿಗ್ಯಾಗ ಮಾಡಿಬಿಡು," ಅಂದ್ರು.

"ಮೂರು ಮಂದಿಗೇನ್ರಿ ಸಾಹೇಬ್ರ?"

"ಉಳದದ್ದು ನಮ್ಮ ಕಬ್ಬಿನ ಗ್ಯಾಂಗಿನವ್ರು ಉಣ್ತಾರ. ಮಾಲಕರಿಗೆ ನಾ ಹೇಳ್ತೀನಿ."

ಮನಿಗೆ ಬಂದು ಗ್ವಾಡಿಗೆ ಆತು ಕುಂತೆ. ಹೆಂಡ್ತಿ ಮಣಕಾಲಿಗೆ ಎಣ್ಣಿ ಬಿಸಿ ಮಾಡಿ ತಂದು, "ಏನಾತ್ರಿ, ಬಾಯಿಯವ್ರು ಹೋದ್ರೇನು?" ಅಂದಳು.

"ಇಲ್ಲ, ಉಳದ್ರು," ಅಂದೆ. "ಮದುವಿಗಾದ್ರ ಸೀಜನ್ ಇತ್ತು. ಈ ಮೂರು ಮಂದಿ ಇನ್ನ ದಿನಾ ಕೊಪ್ಪರಿಗಿ ತುಂಬ ಉಣ್ತಾರ."