ಪೂವಪ್ಪಣ್ಣನ ಎರಡು ವಿಸಿಲ್

ಫೈನಲ್ ಮ್ಯಾಚಿಗೆ ಬರಬಹುದು, ಆದರೆ ಬಾಯಿ ಬಿಡಬಾರದು ಎಂದು ಮಗಳು ಅಕ್ಷಿತಾ ಬೆಳಿಗ್ಗೆ ಚಾ ಕುಡಿಯುವಾಗಲೇ ಪೂವಪ್ಪನಿಗೆ ಕಟ್ಟಪ್ಪಣೆ ಮಾಡಿದ್ದಳು. ಆ ದಿನದ ರಾಮಾಯಣಕ್ಕೆಲ್ಲ ಮೂಲ ಈ ಕಟ್ಟಪ್ಪಣೆಯೇ.

"ಹೋದ ಸಲ ಎಂತ ಮಾಡಿದ್ರಿ, ನೆನಪುಂಟಾ ಪಪ್ಪ? ರೆಫ್ರಿಗೆ ಕಣ್ಣಿನ ಡಾಕ್ಟ್ರ ಅಡ್ರೆಸ್ ಬೊಬ್ಬೆ ಹಾಕಿ ಹೇಳಿದ್ದು. ಬಸ್ ನಂಬರ್ ಸಮೇತ!"

"ಅವರ ಒಳ್ಳೇದಕ್ಕೇ ಹೇಳಿದ್ದು ಮಗಾ. ಆ ಜನ ಪಾರ್ಶಿಯಲ್."

"ಈ ಸಲ ನಿಮ್ಮ ಬಾಯಿಂದ ಒಂದು ಶಬ್ದ ಬಂದ್ರೆ ನಾನು ಮತ್ತೆ ನಿಮ್ಮ ಹತ್ರ ಮಾತಾಡುವುದಿಲ್ಲ. ಸತ್ಯ."

ಇದು ಬರಿಯ ಬೆದರಿಕೆಯಲ್ಲ ಎಂದು ಪೂವಪ್ಪನಿಗೆ ಗೊತ್ತಿತ್ತು. ಹೋದ ಸಲ ಅವಳು ಒಂಬತ್ತು ದಿನ ಮಾತು ಬಿಟ್ಟಿದ್ದಳು. ಉಪ್ಪು ಬೇಕಾದರೂ ಹೆಂಡತಿ ದಮಯಂತಿಯ ಮೂಲಕ ಅರ್ಜಿ ಹಾಕಬೇಕಾಗಿತ್ತು. ಒಬ್ಬಳೇ ಮಗಳು, ಕಾಲೇಜಿನಲ್ಲಿ ಕೊನೆಯ ವರ್ಷ, ಬಾಸ್ಕೆಟ್‌ಬಾಲ್ ತಂಡಕ್ಕೆ ಕ್ಯಾಪ್ಟನ್. ಮೂರು ವರ್ಷ ಓಡಿದರೂ ಕಪ್ಪು ಅವಳ ಕೈಗೆ ಸಿಕ್ಕಿರಲಿಲ್ಲ. ಅವಳು ಕಪ್ಪು ಎತ್ತುವುದನ್ನು ನೋಡಬೇಕೆಂಬುದೊಂದೇ ಪೂವಪ್ಪನ ಆಸೆ. ಅವನು ದೇವರ ಪಟದ ಎದುರು ನಿಂತು ಮೌನವ್ರತಕ್ಕೆ ಒಪ್ಪಿಕೊಂಡ.

ಪೂವಪ್ಪನ ಅಪ್ಪ, ಅಜ್ಜ ಎಲ್ಲರೂ ಕಡಲಿಗೆ ಹೋದವರು. ಇವನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಬಸ್ಸು ಹತ್ತಿದ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ವಾಮಂಜೂರಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್. ಮಂಗಳೂರಿನ ಕಂಡಕ್ಟರಿಗೆ ನಾಲಿಗೆಗಿಂತ ವಿಸಿಲ್ ಮುಖ್ಯ. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಡ್ರೈವರ್ ಜಾಬಿರ್ ಹಿಂದೆ ತಿರುಗಿ ನೋಡುವ ಜನವೇ ಅಲ್ಲ. ಅವನಿಗೆ ವಿಸಿಲ್ ಕೇಳಿದರೆ ಸಾಕು.

ಮಧ್ಯಾಹ್ನ ಎರಡು ಟ್ರಿಪ್ಪನ್ನು ಆಶಿಕ್ ಎಂಬ ಇನ್ನೊಬ್ಬ ಕಂಡಕ್ಟರಿಗೆ ವಹಿಸಿ, ಖಾಕಿ ಅಂಗಿಯಲ್ಲೇ, ಕೊರಳಲ್ಲಿ ವಿಸಿಲ್ ನೇತಾಡಿಸಿಕೊಂಡು ಪೂವಪ್ಪ ವಾಮಂಜೂರಿನ ಗದ್ದೆ ಬದಿಯ ಕಾಲೇಜಿನ ಮೈದಾನ ಸೇರಿದ. ಪಕ್ಕದಲ್ಲಿ ಸ್ಟೇಟ್‌ಬ್ಯಾಂಕಿನ ಫ್ಯಾನ್ಸಿ ಅಂಗಡಿಯ ಅಬ್ದುಲ್ಲ ಮತ್ತು ಅವರ ಹೆಂಡತಿ ಬೀಫಾತಿಮ್ಮ ಕುಳಿತಿದ್ದರು. ಅವರ ಮೊಮ್ಮಗಳು ಹಸ್ನಾ ಕೂಡ ಅಕ್ಷಿತಾಳ ತಂಡದವಳೇ. ಬೀಫಾತಿಮ್ಮ ಒಂದು ಡಬ್ಬಿ ತುಂಬ ಕೋಳಿ ಸಮೋಸ ತಂದಿದ್ದರು.

ಎದುರಾಳಿ ನಂತೂರಿನ ಕಾಲೇಜು. ರೆಫ್ರಿ ವಾಲ್ಟರ್ ಮಾಸ್ಟ್ರು, ರಿಟೈರಾದ ಪಿ.ಟಿ. ಮೇಷ್ಟ್ರು, ಹೋದ ಸಲದ ಅದೇ ಮನುಷ್ಯ. ಇನ್ನೊಬ್ಬ ರೆಫ್ರಿ ಜ್ವರವೆಂದು ಬಾರದ ಕಾರಣ ಎರಡೂ ತುದಿಗೆ ಅವರೊಬ್ಬರೇ ಓಡಬೇಕಾಗಿತ್ತು.

ಆಟ ಶುರುವಾದ ಎರಡನೇ ನಿಮಿಷಕ್ಕೆ ವಾಲ್ಟರ್ ಅಕ್ಷಿತಾಳ ಮೇಲೆ ಫೌಲು ಕೊಟ್ಟರು. ಪೂವಪ್ಪನ ಗಂಟಲಿಗೆ ಒಂದು ದೊಡ್ಡ ಬೊಬ್ಬೆ ಬಂದು ನಿಂತಿತು. ಅದನ್ನು ನುಂಗಿಕೊಂಡು ಅವನು ಅಬ್ದುಲ್ಲರ ತೊಡೆ ಚಿವುಟಿದ.

"ಎಂತದು ಮಾರಾಯ್ರೆ?"

ಪೂವಪ್ಪ ರೆಫ್ರಿಯತ್ತ ಬೆರಳು ತೋರಿಸಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದ. ಅಬ್ದುಲ್ಲರಿಗೆ ಬಾಸ್ಕೆಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಆದರೆ ಸಂಜ್ಞೆ ಸ್ಪಷ್ಟವಾಗಿ ಅರ್ಥವಾಯಿತು.

"ಓ ರೆಫ್ರಿ! ಕಣ್ಣು ಕಾಣುದಿಲ್ವಾ?" ಎಂದು ಗುಡುಗಿದರು.

ಪೂವಪ್ಪನಿಗೆ ಸ್ವರ್ಗ ಸಿಕ್ಕ ಹಾಗಾಯಿತು. ವ್ರತವೂ ಮುರಿಯಲಿಲ್ಲ, ಕೆಲಸವೂ ಆಯಿತು. ಅಲ್ಲಿಂದ ಮುಂದೆ ಅವನು ಚಿವುಟುವುದು, ಅಬ್ದುಲ್ಲ ಕೂಗುವುದು. ವಾಲ್ಟರ್ ನಂತೂರಿನ ಹುಡುಗಿಯ ಬೂಟಿನ ಲೇಸು ಬಿಚ್ಚಿದೆಯೆಂದು ತೋರಿಸಿದರೆ ಒಂದು ಚಿವುಟು. ಆ ತಂಡದ ಕೋಚ್ ಡಿಯೋನ್‌ನನ್ನು ನೋಡಿ ನಕ್ಕರೆ ಎರಡು ಚಿವುಟು.

"ಪಾರ್ಶಿಯಲ್! ಪಾರ್ಶಿಯಲ್!" ಅಬ್ದುಲ್ಲರ ಹಿಂದೆ ಇಡೀ ಗ್ಯಾಲರಿ ಹಿಡಿದುಕೊಂಡಿತು. ನಂತೂರಿನ ಮೇಲೆ ಕೊಟ್ಟ ಏಳು ಫೌಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವೆಲ್ಲ ನ್ಯಾಯವಾದ ಫೌಲುಗಳಲ್ಲವೇ?

ಕೊನೆಯ ಕ್ವಾರ್ಟರಿಗೆ ಬರುವಾಗ ಅಬ್ದುಲ್ಲರ ತೊಡೆ ಬಾತಿತ್ತು, ಗಂಟಲು ಕಟ್ಟಿತ್ತು.

"ಇನ್ನು ನನ್ನಿಂದ ಆಗ್ಲಿಕ್ಕಿಲ್ಲ ಪೂವಪ್ಪಣ್ಣ," ಎಂದು ಅವರು ಆಚೆ ಸರಿದು ಕುಳಿತರು.

ಈಗ ಬೊಬ್ಬೆಗಳೆಲ್ಲ ಪೂವಪ್ಪನ ಎದೆಯಲ್ಲಿ ಪ್ರೆಷರ್ ಕುಕ್ಕರಿನ ಹಾಗೆ ಒತ್ತತೊಡಗಿದವು. ತುಟಿ ತಾನಾಗಿಯೇ ಬಿಚ್ಚುತ್ತಿತ್ತು.

"ಬಾಯಿಗೆ ಏನಾದ್ರೂ ಹಾಕ್ಕೊಳ್ಳಿ," ಎಂದು ಬೀಫಾತಿಮ್ಮ ಡಬ್ಬಿ ಚಾಚಿದರು. ಡಬ್ಬಿ ಖಾಲಿ. ಪೂವಪ್ಪನ ಕೈಗೆ ಸಿಕ್ಕಿದ್ದು ಕೊರಳಲ್ಲಿದ್ದ ವಿಸಿಲ್. ಅದನ್ನೇ ಬಾಯಿಗಿಟ್ಟು ಕಚ್ಚಿ ಹಿಡಿದ. ಸ್ವಲ್ಪ ಸಮಾಧಾನವಾಯಿತು.

ನಂತೂರು ನಲ್ವತ್ತೆರಡು, ವಾಮಂಜೂರು ನಲ್ವತ್ತೊಂದು. ಐದು ಸೆಕೆಂಡು ಬಾಕಿ. ಹಸ್ನಾ ಚೆಂಡು ಕಸಿದು ಎಸೆದಳು. ಅಕ್ಷಿತಾಳ ಕೈಗೆ ಬಂತು. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ, ಬುಟ್ಟಿ ಮಾತ್ರ. ಮಗಳು ಓಡಿದಳು. ಪೂವಪ್ಪ ಎದ್ದು ನಿಂತ. ಹೋಗು ಮಗಾ, ಹೋಗು ಎಂದು ಅವನ ರಕ್ತದ ಕಣಕಣವೂ ಹೇಳಿತು. ಇಪ್ಪತ್ತೆರಡು ವರ್ಷ ಬಸ್ಸಿಗೆ 'ಹೋಗು' ಎಂದು ಹೇಗೆ ಹೇಳಿದ್ದನೋ ಹಾಗೆಯೇ ಹೇಳಿತು.

ಪೀ ಪೀ!

ಬಸ್ಸಿಗಾದರೆ ಅದು ಹೊರಡುವ ಅಪ್ಪಣೆ. ಬಾಸ್ಕೆಟ್‌ಬಾಲಿನಲ್ಲಿ ವಿಸಿಲ್ ಎಂದರೆ ನಿಲ್ಲು, ಅಷ್ಟೇ. ಶಿಸ್ತಿನ ಹುಡುಗಿ ಅಕ್ಷಿತಾ ನಿಂತುಬಿಟ್ಟಳು. ಹಿಂದಿನಿಂದ ಓಡಿ ಬರುತ್ತಿದ್ದ ನಂತೂರಿನ ಹುಡುಗಿ ಬಂದು ಅವಳ ಬೆನ್ನಿಗೆ ಢಿಕ್ಕಿ ಹೊಡೆದಳು. ಇಬ್ಬರೂ ಬಿದ್ದರು. ವಾಲ್ಟರ್ ಮಾಸ್ಟ್ರು ಉದ್ದಕ್ಕೆ ವಿಸಿಲ್ ಊದುತ್ತಾ ಮುಷ್ಟಿ ಎತ್ತಿದರು.

ಜನ ಕಂಡದ್ದು ಇಷ್ಟೇ: ಖಂಡಿತ ಬೀಳುವ ಬಾಸ್ಕೆಟನ್ನು ರೆಫ್ರಿ ವಿಸಿಲ್ ಊದಿ ನಿಲ್ಲಿಸಿದ್ದಾನೆ.

ಗ್ಯಾಲರಿ ಮೈದಾನಕ್ಕೆ ನುಗ್ಗಿತು. ವಾಲ್ಟರ್ ಏನೋ ಹೇಳಲು ಬಾಯಿ ತೆರೆದರು, ಯಾರೂ ಕೇಳಲಿಲ್ಲ. ಅವರ ಟೋಪಿ ಯಾರದೋ ಕೈಗೆ ಹೋಗಿ, ಅಲ್ಲಿಂದ ಇನ್ನಾರದೋ ಕೈಗೆ ಹಾರಿ, ಕೊನೆಗೆ ಗದ್ದೆಗೆ ಬಿತ್ತು. ಪೂವಪ್ಪ ವಿಸಿಲನ್ನು ಮೆಲ್ಲನೆ ಅಂಗಿಯೊಳಗೆ ಇಳಿಬಿಟ್ಟು ಕಲ್ಲಿನಂತೆ ನಿಂತಿದ್ದ. ಅಬ್ದುಲ್ಲರಿಗೆ ಎಲ್ಲಿಂದಲೋ ಗಂಟಲು ವಾಪಸು ಬಂದಿತ್ತು.

"ಬನ್ನಿ ಪೂವಪ್ಪಣ್ಣ! ಈಗಾದ್ರೂ ಬಾಯಿ ಬಿಡಿ! ಈ ಜನವನ್ನು ನೀವೇ ಕೇಳಿ!" ಎಂದು ಅವನನ್ನು ದೂಡಿಕೊಂಡು ಹೋಗಿ ವಾಲ್ಟರ್ ಎದುರು ನಿಲ್ಲಿಸಿದರು.

ವಾಲ್ಟರ್ ಬೆವರಿ ಒದ್ದೆಯಾಗಿದ್ದರು. ಬೋಳು ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಅಕ್ಷಿತಾ ಮೊಣಕಾಲು ತರಚಿಕೊಂಡು ನಿಂತಿದ್ದಳು. ಆ ಮುದುಕನ ಮುಖ ನೋಡಿ ಪೂವಪ್ಪ ಅಂಗಿಯೊಳಗಿನ ವಿಸಿಲನ್ನು ಹೊರಗೆ ಎಳೆದ. ನಿರಪರಾಧಿಗೆ ಪೆಟ್ಟು ಬೀಳಿಸಿ ಮಗಳ ಮುಖ ಹೇಗೆ ನೋಡಲಿ? ಮಾತು ಬಿಟ್ಟರೆ ಬಿಡಲಿ.

"ಆ ವಿಸಿಲ್ ನಂದು," ಎಂದ.

ಮೈದಾನ ತಣ್ಣಗಾಯಿತು. ಪೂವಪ್ಪನಿಗೆ ಎದೆಯ ಮೇಲಿನ ಮೂಟೆ ಇಳಿದಂತಾಯಿತು. ಎಂಥ ಮನುಷ್ಯ ನಾನು, ಎಂದು ತನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆ ಪಟ್ಟುಕೊಂಡ.

ವಾಲ್ಟರ್ ಮಾತ್ರ ಹೆಮ್ಮೆ ಪಟ್ಟಂತೆ ಕಾಣಲಿಲ್ಲ. "ನಾನು ಊದುವುದಕ್ಕಿಂತ ಮೊದಲಾ? ಈ ಬೊಬ್ಬೆಯಲ್ಲಿ ನನಗೆ ಕೇಳ್ಲೇ ಇಲ್ಲ," ಎಂದು ಸಣ್ಣ ಸ್ವರದಲ್ಲಿ ಹೇಳಿದರು.

"ಮೊದಲೇ ಸರ್. ಎರಡು ಸಲ. ಅದಕ್ಕೇ ಮಗು ನಿಂತದ್ದು. ನಿಮ್ಮದು ಎಂತದೂ ತಪ್ಪಿಲ್ಲ," ಎಂದು ಪೂವಪ್ಪ ಧಾರಾಳವಾಗಿ ಘೋಷಿಸಿದ.

ವಾಲ್ಟರ್ ಅಲ್ಲೇ ಕೂತುಬಿಟ್ಟರು. "ಅಯ್ಯೋ ದೇವರೇ! ಪೂವಪ್ಪಣ್ಣ, ನಾನು ಊದಿದ್ದು ಯಾಕೆ ಗೊತ್ತುಂಟಾ? ಆ ಹುಡುಗಿ ಹಿಂದಿಂದ ಬಂದು ನಿಮ್ಮ ಮಗಳಿಗೆ ಗುದ್ದಿದ್ದಕ್ಕೆ! ಫೌಲ್! ಅಕ್ಷಿತಾಳಿಗೆ ಎರಡು ಫ್ರೀ ಥ್ರೋ! ಆಗಿಂದ ಅದನ್ನೇ ಹೇಳ್ಲಿಕ್ಕೆ ನೋಡ್ತಾ ಇದ್ದೇನೆ, ನನ್ನ ಮಾತು ಕೇಳುವವರು ಯಾರುಂಟು ಇಲ್ಲಿ?"

ಅಕ್ಷಿತಾ ಆ ದಿನ ಎಸೆದ ಫ್ರೀ ಥ್ರೋಗಳಲ್ಲಿ ಒಂದೂ ತಪ್ಪಿರಲಿಲ್ಲ. ಈ ಎರಡೂ ಬಿದ್ದರೆ ಕಪ್ಪು ಅವಳದೇ.

"ಹಾಗಾದ್ರೆ ಕೊಡಿ ಸರ್, ಬೇಗ ಕೊಡಿ!" ಎಂದರು ಅಬ್ದುಲ್ಲ.

"ಎಂತ ಕೊಡುದು?" ನಂತೂರಿನ ಕೋಚ್ ಡಿಯೋನ್ ಅಷ್ಟರಲ್ಲಿ ನಿಯಮದ ಪುಸ್ತಕ ಬಿಡಿಸಿಕೊಂಡು ಹಾಜರಾಗಿದ್ದ. "ಹೊರಗಿನ ವಿಸಿಲಿಗೆ ಆಟ ಮೊದಲೇ ನಿಂತಿತ್ತು ಅಂತ ಇವರೇ ಒಪ್ಪಿದ್ದಾರೆ. ನಿಂತ ಆಟದಲ್ಲಿ ಎಲ್ಲಿಯ ಫೌಲ್? ಅಲ್ಲದೆ ತೊಂದರೆ ಕೊಟ್ಟದ್ದು ಅವರ ಕಡೆಯವರು. ಚೆಂಡು ನಮಗೆ ಬರಬೇಕು."

"ಸರ್, ಸರ್," ಪೂವಪ್ಪ ತೊದಲಿದ. "ನನಗೆ ಸರೀ ನೆನಪಿಲ್ಲ. ನಾನು ಊದಿದ್ದು ನಿನ್ನೆ ಇರಬೇಕು."

ಪ್ರಯೋಜನವಾಗಲಿಲ್ಲ. ವಾಲ್ಟರ್ ಪುಸ್ತಕ ಓದಿದರು, ನಿಟ್ಟುಸಿರು ಬಿಟ್ಟರು, ಚೆಂಡನ್ನು ನಂತೂರಿಗೆ ಕೊಟ್ಟರು. ಬಾಕಿಯಿದ್ದ ಎರಡು ಸೆಕೆಂಡು ಒಬ್ಬಳು ಹುಡುಗಿ ಅದನ್ನು ತಬ್ಬಿಕೊಂಡು ನಿಂತಳು. ಒಂದು ಪಾಯಿಂಟಿನಲ್ಲಿ ಕಪ್ಪು ನಂತೂರಿಗೆ ಹೋಯಿತು.

"ಅಲ್ಲ ಪೂವಪ್ಪಣ್ಣ, ನೀವು ಯಾರ ಕಡೆ?" ಅಬ್ದುಲ್ಲ ಕಣ್ಣು ಸಣ್ಣದು ಮಾಡಿದರು. "ಬಾಸ್ಕೆಟ್ ನಿಲ್ಲಿಸಿದ್ದೂ ನೀವೇ, ಫ್ರೀ ಥ್ರೋ ತಪ್ಪಿಸಿದ್ದೂ ನೀವೇ. ಇಡೀ ಆಟದಲ್ಲಿ ನಮ್ಮ ತಂಡಕ್ಕೆ ಒಂದು ಮಾತು ಕೂಗಿದ್ದೀರಾ? ನನ್ನನ್ನು ಚಿವುಟಿದ್ದು ಮಾತ್ರ!"

ಗ್ಯಾಲರಿಗೆ ಹೊಸ ಅಪರಾಧಿ ಸಿಕ್ಕಿದ. ವಾಲ್ಟರ್ ಮಾಸ್ಟ್ರಿಗೆ ಯಾರೋ ನೀರು ಕೊಟ್ಟರು, ಯಾರೋ ಕುರ್ಚಿ ತಂದರು. "ಪಾರ್ಶಿಯಲ್ ಕಂಡಕ್ಟರ್!" ಎಂಬ ಕೂಗು ಎದ್ದಿತು. ಬೀಫಾತಿಮ್ಮ ಮುಂದೆ ಬಂದು, ಮಗುವಿನ ಕೈಯಿಂದ ಕತ್ತರಿ ತೆಗೆಯುವ ಹಾಗೆ, ವಿಸಿಲನ್ನು ಅವನ ಕೊರಳಿನಿಂದ ತೆಗೆದುಕೊಂಡರು.

"ಇದು ನಿಮ್ಮ ಹತ್ರ ಇರುವುದು ಬೇಡ," ಎಂದರು.

ಐದೂವರೆಗೆ ಬಸ್ಸು ಬಂತು. ಆಶಿಕ್ ಡ್ಯೂಟಿ ಮುಗಿಯಿತೆಂದು ಇಳಿದು ಹೋದ. ಅಬ್ದುಲ್ಲ, ಬೀಫಾತಿಮ್ಮ, ಹಸ್ನಾ, ಅಕ್ಷಿತಾ ಹತ್ತಿದರು, ಹಿಂದೆಯೇ ಅರ್ಧ ಗ್ಯಾಲರಿ ಹತ್ತಿತು. ಪೂವಪ್ಪ ಇನ್ನೇನು ಫುಟ್‌ಬೋರ್ಡಿಗೆ ಕಾಲಿಡಬೇಕು, ಒಳಗಿನಿಂದ ಬೀಫಾತಿಮ್ಮ ಎರಡು ಸಲ ಊದಿದರು. ಜಾಬಿರ್ ಹಿಂದೆ ನೋಡದೆ ಹೊರಟೇಬಿಟ್ಟ.

ಧೂಳಿನಲ್ಲಿ ನಿಂತಿದ್ದವನ ಪಕ್ಕ ಒಂದು ಸ್ಕೂಟರ್ ಬಂದು ನಿಂತಿತು. ಟೋಪಿಯಿಲ್ಲದ ವಾಲ್ಟರ್ ಮಾಸ್ಟ್ರು.

"ಕೂತ್ಕೊಳ್ಳಿ. ನಂತೂರಿನಲ್ಲಿ ಟ್ರಾಫಿಕ್ ಬ್ಲಾಕ್ ಇದ್ದೇ ಇರ್ತದೆ, ಅಲ್ಲಿ ಬಸ್ ಸಿಗ್ತದೆ. ಮಗಳ ಹತ್ರ ನಾನೂ ಒಂದು ಮಾತು ಹೇಳ್ತೇನೆ."

ಪೂವಪ್ಪನ ಕಣ್ಣು ತುಂಬಿ ಬಂತು. ಇಂಥ ದೇವರಂಥ ಮನುಷ್ಯನಿಗೆ ಕಣ್ಣಿನ ಡಾಕ್ಟ್ರ ವಿಳಾಸ ಹೇಳಿದೆನಲ್ಲಾ ಎಂದು ದಾರಿಯುದ್ದಕ್ಕೂ ಕ್ಷಮೆ ಕೇಳಿದ.

ಮಾಸ್ಟ್ರು ಹೇಳಿದಂತೆಯೇ ನಂತೂರಿನಲ್ಲಿ ಲಾರಿಗಳ ಮಧ್ಯೆ ಬಸ್ಸು ಸಿಕ್ಕಿಬಿದ್ದಿತ್ತು. ಪೂವಪ್ಪ ಸ್ಕೂಟರಿನಿಂದ ಜಿಗಿದು ಬಸ್ಸಿನತ್ತ ಓಡಿದ. ಆದರೆ ರಸ್ತೆ ಬದಿಯಲ್ಲಿ ನಂತೂರಿನ ಕಾಲೇಜಿನವರು ಬ್ಯಾಂಡು ಬಾರಿಸಿಕೊಂಡು ಕಪ್ಪಿನ ಮೆರವಣಿಗೆ ಹೊರಡಿಸಿದ್ದರು.

"ಓ, ಇವರೇ! ವಿಸಿಲಿನ ಅಣ್ಣ ಇವರೇ!" ಎಂದು ಡಿಯೋನ್ ಕಿರುಚಿದ.

ನೂರು ಜನ ಮುತ್ತಿಕೊಂಡರು. ಬೇಡ ಮಾರಾಯ್ರೆ, ಬಿಡಿ ಮಾರಾಯ್ರೆ ಎನ್ನುತ್ತಿರುವಂತೆಯೇ ಕೊರಳಿಗೆ ಸೇವಂತಿಗೆ ಹಾರ ಬಿತ್ತು, ಕೈಗೆ ಕಪ್ಪು ಬಂತು, ಕಾಲು ನೆಲ ಬಿಟ್ಟಿತು. ನಾಲ್ವರು ಅವನನ್ನು ಹೆಗಲ ಮೇಲೆ ಎತ್ತಿ ಕುಣಿಯತೊಡಗಿದರು. ಬ್ಯಾಂಡಿನ ಸದ್ದಿಗೆ ಬಸ್ಸಿನ ಎಲ್ಲ ಕಿಟಕಿಗಳಿಂದಲೂ ತಲೆಗಳು ಹೊರಗೆ ಬಂದವು.

"ನೋಡಿ, ನೋಡಿ! ನಾನು ಹೇಳಿದ್ದು ಸುಳ್ಳಾ?" ಎಂದು ಅಬ್ದುಲ್ಲ ಕೂಗಿದರು.

ಹೆಗಲ ಮೇಲಿನ ಎತ್ತರ ಬಸ್ಸಿನ ಕಿಟಕಿಗೆ ಸರಿಸಮವಾಗಿತ್ತು. ಪೂವಪ್ಪ ಕಪ್ಪು ಹಿಡಿದುಕೊಂಡೇ ಅಕ್ಷಿತಾಳ ಮುಖಕ್ಕೆ ಮುಖ ಕೊಟ್ಟ. ಅವಳು ಅಪ್ಪನನ್ನು ನೋಡಿದಳು, ಹಾರ ನೋಡಿದಳು, ಕಪ್ಪು ನೋಡಿದಳು. ಆಮೇಲೆ ಕಿಟಕಿಯ ಗಾಜು ಎಳೆದು ಮುಚ್ಚಿದಳು.